ಬೀಗ ತೆಗೆದವರನ್ನು ಕರೆದದ್ದು ಯಾರು

ಕಾರಿನ ಬಾಗಿಲು ತೆಗೆಯಲು ಬೀಗ ರಿಪೇರಿಯ ಸಾಯ್ಬರಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಆ ಕೆಲಸಕ್ಕೆ ಅವರು ಕೇಳಿದ್ದು ಎಂಟಾಣೆ ಮತ್ತು ಒಂದು ಮಾತು. ಎಂಟಾಣೆಯನ್ನು ನನ್ನ ಅಪ್ಪ ಅಲ್ಲಿಯೇ ಅವರ ಅಂಗೈಗೆ ಹಾಕಿದರು. ಮಾತನ್ನೂ ಕೊಟ್ಟರು, ಆದರೆ ಅದನ್ನು ಆಡಬೇಕಾಗಿ ಬಂದ ದಿನ ಆಡಲಿಲ್ಲ. ಆಡದೆ ಉಳಿದ ಆ ಮಾತಿನ ಬೆಲೆಯನ್ನು ತೆತ್ತವರು ನಾವಲ್ಲ. ಯಾರು ತೆತ್ತರು, ಯಾರು ತೆರಬೇಕಾಗಿತ್ತು ಎಂಬುದನ್ನು ಬರೆದಿಡಲು ನಾನು ಆರು ವರ್ಷ ತೆಗೆದುಕೊಂಡೆ. ಆ ಆರು ವರ್ಷಗಳಿಗೂ ಉತ್ತರ ಹೇಳಬೇಕಾದವನು ನಾನೇ.

ಅಪ್ಪ ಮಣ್ಣಗುಡ್ಡದ ಒಂದು ದೊಡ್ಡ ಮನೆಯಲ್ಲಿ ಕಾರಿನ ಡ್ರೈವರು. ಧಣಿಗಳು ಹಳ್ಳಿಯಲ್ಲಿ ಗದ್ದೆ, ಪೇಟೆಯಲ್ಲಿ ಹೋಟೆಲು ಇದ್ದ ತುಳು ಮನೆತನದವರು. ನಾವು ಬಿಜೈಯ ಇಳಿಜಾರಿನಲ್ಲಿ ಎರಡು ಕೋಣೆಯ ಹಂಚಿನ ಮನೆಯಲ್ಲಿದ್ದ ಕೊಂಕಣಿ ಕ್ರೈಸ್ತರು. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಆ ವರ್ಷ ಮೈಸೂರಿಗೆ ಹೋಗಿ ಎಂ.ಎ. ತರಗತಿಗೆ ಸೇರಿದ್ದೆ. ಮೊದಲ ಕಂತಿನ ಶುಲ್ಕವನ್ನು ಹೇಗೋ ಕಟ್ಟಿದ್ದೆವು. ಮುಂದಿನದಕ್ಕೆ ವಿದ್ಯಾರ್ಥಿವೇತನ ಸಿಗದಿದ್ದರೆ ಹಾಸಿಗೆ ಸುತ್ತಿಕೊಂಡು ಹಿಂದಿರುಗುವುದೇ ಗತಿ. ಅದರ ಸಂದರ್ಶನ ವಿಜಯದಶಮಿಯ ಮರುದಿನ ಇತ್ತು. ಮೂಲ ಪ್ರಮಾಣಪತ್ರಗಳೊಡನೆ ತಂದೆಯ ಸಂಬಳವೆಷ್ಟೆಂದು ಕೆಲಸ ಕೊಟ್ಟವರು ಬರೆದು ಸಹಿ ಹಾಕಿದ ಕಾಗದವೂ ಬೇಕಾಗಿತ್ತು. ರಜೆಗೆ ಊರಿಗೆ ಬಂದವನು ಎಲ್ಲವನ್ನೂ ಒಂದು ಕಂದು ಲಕೋಟೆಗೆ ಹಾಕಿ ಅಪ್ಪನ ಕೈಗೆ ಕೊಟ್ಟೆ. ಧಣಿಗಳು ಪತ್ರಗಳನ್ನು ಒಮ್ಮೆ ನೋಡದೆ ಸಹಿ ಹಾಕುವವರಲ್ಲ ಎಂದು ಅಪ್ಪ ಹೇಳಿದ್ದರು.

ಆಯುಧಪೂಜೆಯ ಬೆಳಿಗ್ಗೆ ಧಣಿಗಳು ಸಂತೋಷದಲ್ಲಿದ್ದರು. ನನ್ನ ಅಂಕಗಳನ್ನು ನೋಡಿ ಜಗಲಿಯಲ್ಲಿಯೇ ಸಹಿ ಹಾಕಿದರು. ಆಮೇಲೆ ಲಕೋಟೆಯನ್ನು ಅಪ್ಪನಿಗೆ ಹಿಂದಿರುಗಿಸುವ ಬದಲು ತಾವೇ ಹಿಡಿದುಕೊಂಡು ಅಂಗಳಕ್ಕೆ ಇಳಿದರು. ಕಾರನ್ನು ತೊಳೆದು, ಗೊಂಡೆಹೂವಿನ ಮಾಲೆ ಹಾಕಿ, ಅರಿಸಿನ ಕುಂಕುಮ ಹಚ್ಚಿ ನಿಲ್ಲಿಸಲಾಗಿತ್ತು. ಆ ಮನೆಯಲ್ಲಿ ಒಂದು ಪದ್ಧತಿ: ಪೂಜೆಯಾದ ಮೇಲೆ ಕಾರಿನ ಕೀಲಿಕೈಯನ್ನು ಬಾಳೆಲೆಯ ಮೇಲಿಟ್ಟು ಮುಂದಿನ ಸೀಟಿನಲ್ಲಿ ಇಡಬೇಕು, ಬಾಗಿಲುಗಳಿಗೆ ಒಳಗಿನಿಂದ ಬೀಗ ಬೀಳಿಸಿ ಮುಚ್ಚಬೇಕು, ಪುರೋಹಿತರು ಹಿಡಿಗೆ ಮಾವಿನೆಲೆ ಸೇರಿಸಿ ಅರಿಸಿನದ ನೂಲು ಕಟ್ಟಬೇಕು. ಮರುದಿನ ಹತ್ತು ಗಂಟೆಯ ಮೇಲೆ ಪುನಃ ಪೂಜೆಯಾಗಿ ನೂಲು ಬಿಚ್ಚುವ ತನಕ ಆ ಗಾಡಿಯನ್ನು ಯಾರೂ ಮುಟ್ಟುವಂತಿಲ್ಲ. ಆಯುಧಕ್ಕೂ ಪುಸ್ತಕಕ್ಕೂ ಅದೊಂದು ದಿನ ವಿಶ್ರಾಂತಿ. ಎರಡನೆಯ ಕೀಲಿಕೈ ಧಣಿಗಳ ಸೊಂಟದ ಚೀಲದಲ್ಲಿರುತ್ತಿತ್ತು.

ಧಣಿಗಳು ನನ್ನ ಲಕೋಟೆಯನ್ನು ಕೀಲಿಕೈಯ ಪಕ್ಕದಲ್ಲಿಟ್ಟು, ಮೇಲೆ ಒಂದು ದಾಸವಾಳ ಇರಿಸಿ, ಹುಡುಗನ ವಿದ್ಯೆಗೂ ಪೂಜೆಯಾಗಲಿ, ನಾಳೆ ನನ್ನ ಕೈಯಿಂದಲೇ ಕೊಡುತ್ತೇನೆ ಎಂದರು. ಬಾಗಿಲು ಮುಚ್ಚಿತು. ಪುರೋಹಿತರು ನೂಲು ಕಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಧಣಿಗಳು ಭಾವನ ಕಾರಿನಲ್ಲಿ ಕುಟುಂಬವನ್ನು ಹತ್ತಿಸಿಕೊಂಡು ಮೂಲಮನೆಯ ಪೂಜೆಗೆ ಹೊರಟುಹೋದರು.

ನನ್ನ ಬಸ್ಸು ಮರುದಿನ ಬೆಳಿಗ್ಗೆ ಆರಕ್ಕೆ. ದಸರೆಯ ಗದ್ದಲದಲ್ಲಿ ಸಿಕ್ಕಿದ್ದೇ ಅದೊಂದು ಸೀಟು.

ಒಂದು ವಾಕ್ಯ ಸಾಕಾಗಿತ್ತು: ಆರು ಗಂಟೆಗೆ ಬಸ್ಸಿದೆ ಧಣಿ, ಲಕೋಟೆ ಈಗಲೇ ಬೇಕು. ಅಪ್ಪ ಆ ವಾಕ್ಯವನ್ನು ಹೇಳಲಿಲ್ಲ. ನಾನು ಕೋಪದಿಂದ ಕಾರಣ ಕೇಳಿದಾಗ, ಅವರು ತಮ್ಮ ದೇವರ ಮುಂದೆ ನಮ್ಮ ಮಗನ ಕಾಗದ ಇಟ್ಟರು, ಬೇಡ ಎನ್ನಲು ಬಾಯಿ ಬರಲಿಲ್ಲ ಎಂದರು. ಹಿಂದೂ ಡ್ರೈವರನೊಬ್ಬ ಸಲಿಗೆಯಿಂದ ಹೇಳಬಹುದಾಗಿದ್ದ ಮಾತು ಕ್ರೈಸ್ತನ ಬಾಯಿಯಲ್ಲಿ ಪೂಜೆಗೆ ತೋರಿದ ಅಗೌರವವಾಗಿ ಕೇಳಿಸೀತು ಎಂಬ ಭಯ ಅವರಿಗೆ. ಹದಿನಾಲ್ಕು ವರ್ಷ ಒಂದೇ ಮನೆಯ ಕಾರು ಓಡಿಸಿದವನಿಗೆ ಆ ಭಯವನ್ನು ಕಲಿಸಿದವರು ಯಾರು ಎಂದು ನಾನು ಇಂದು ಕೇಳುತ್ತೇನೆ. ಅಂದು ಕೇಳಿರಲಿಲ್ಲ. ಅಂದು ನನಗೆ ಬೇಕಾಗಿದ್ದದ್ದು ಲಕೋಟೆ ಮಾತ್ರ.

ಮಧ್ಯಾಹ್ನ ಅಪ್ಪ ತಮಗೆ ಪರಿಚಯದ ಮೆಕ್ಯಾನಿಕನ ಬಳಿಗೆ ಹೋದರು. ಅವನ ಸ್ಪ್ಯಾನರು, ಸುತ್ತಿಗೆ, ಜಾಕುಗಳೆಲ್ಲ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ನಾಳೆ ತನಕ ಮುಟ್ಟುವ ಹಾಗಿಲ್ಲ ಎಂದು ಅವನು ಬೇಸರದಿಂದಲೇ ಹೇಳಿದ. ಗಾಜು ಒಡೆಯುವ ಮಾತೇ ಇರಲಿಲ್ಲ. ಪೂಜೆಗೆ ಕೂತ ಕಾರಿನ ಗಾಜು ಒಡೆದು ಆ ಮನೆಯಲ್ಲಿ ಮರುದಿನ ಅನ್ನ ತಿನ್ನುವಂತಿರಲಿಲ್ಲ. ಆ ದಿನ ಈ ನಗರದಲ್ಲಿ ಕೈಗೆ ಸಲಕರಣೆ ಎತ್ತಿಕೊಳ್ಳಬಲ್ಲವರು ಕೆಲವರೇ. ಅವರಲ್ಲಿ ಒಬ್ಬರು ಮಾರ್ಕೆಟ್ಟಿನ ಪಕ್ಕದ ಅಂಗಡಿಜಗಲಿಯಲ್ಲಿ ಕೊಡೆ ಮತ್ತು ಬೀಗ ರಿಪೇರಿ ಮಾಡುತ್ತಿದ್ದ ಬ್ಯಾರಿ ಮುಸಲ್ಮಾನ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಎಲ್ಲರೂ ಅವರನ್ನು ಸಾಯ್ಬೆರೆ ಎಂದು ಕರೆಯುತ್ತಿದ್ದರು.

ನಾನೂ ಅಪ್ಪನ ಜೊತೆಗೆ ಹೋಗಿದ್ದೆ. ಅಪ್ಪ ತುಳುವಿನಲ್ಲಿ ಎಲ್ಲವನ್ನೂ ಹೇಳಿದರು. ಸಾಯ್ಬರು ಕೊಡೆಗೆ ಬಟ್ಟೆ ಹೊಲಿಯುವುದನ್ನು ನಿಲ್ಲಿಸದೆ ಕೇಳಿ, ಕೊನೆಗೆ ತಲೆಯಾಡಿಸಿದರು. ಅವರ ಕಸುಬಿಗೆ ಒಂದು ನಿಯಮವಿತ್ತು. ಬೀಗದ ಒಡೆಯ ಎದುರಿಗೆ ನಿಲ್ಲದೆ ಯಾವ ಬೀಗಕ್ಕೂ ಅವರು ಕೈ ಹಾಕುತ್ತಿರಲಿಲ್ಲ. ಪೆಟ್ಟಿಗೆಯ ಕೀಲಿಕೈ ಕಳೆದುಕೊಂಡವರು ಪೆಟ್ಟಿಗೆಯನ್ನು ಹೊತ್ತು ಅವರ ಜಗಲಿಗೇ ಬರಬೇಕು. ಮನೆಯ ಬೀಗವಾದರೆ ಯಜಮಾನನ ಜೊತೆಗೆ ನೆರೆಯವನೊಬ್ಬನೂ ಬರಬೇಕು.

"ಪೊರ್ಬುಗಳೇ, ಕಾರು ನಿಮ್ಮದಲ್ಲ," ಎಂದರು. ತುಳುವಿನಲ್ಲಿ ನಮ್ಮ ಜನರನ್ನು ಕರೆಯುವುದೇ ಹಾಗೆ. "ಬೀಗ ತೆಗೆಯುವ ಕೈ ಇವತ್ತು ತೆಗೀತದೆ, ನಾಳೆ ಅದನ್ನೇ ಕಳ್ಳನ ಕೈ ಅಂತ ಹೇಳ್ತಾರೆ. ನಮ್ಮ ಕಸುಬಿಗೆ ಅದೊಂದು ರೋಗ ಉಂಟು."

ಅಪ್ಪ ನನ್ನನ್ನು ಮುಂದಕ್ಕೆ ದೂಡಿದರು. ಕಾಗದಗಳು ಈ ಹುಡುಗನವು ಎಂದರು. ನಾನು ಸಂದರ್ಶನದ ಕರೆಯನ್ನು ತೋರಿಸಿದೆ. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಎರಡೂ ಬದಿ ತಿರುವಿ ನೋಡಿ, ಎಚ್ಚರದಿಂದ ಮಡಚಿ ಕೊಟ್ಟರು. ಎಷ್ಟನೆಯ ಕ್ಲಾಸು ಎಂದು ಕೇಳಿದರು. ಹದಿನಾರನೆಯದು ಎಂದೆ.

"ಅಷ್ಟು ಕ್ಲಾಸು ಉಂಟಾ ಮಾರಾಯ್ರೆ," ಎಂದು ಎದ್ದರು. ಆಮೇಲೆ ಅಪ್ಪನಿಗೆ ತಮ್ಮ ಬೆಲೆ ಹೇಳಿದರು. "ಎಂಟಾಣೆ ಕೊಡಿ. ಮತ್ತೆ ಯಾರಾದ್ರೂ ಕೇಳಿದ್ರೆ, ಕರೆದದ್ದು ನಾನು ಅಂತ ನೀವು ಹೇಳ್ಬೇಕು. ಅಷ್ಟು ಸಾಕು ನನಗೆ."

ಹೇಳುತ್ತೇನೆ ಎಂದು ಅಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ನಾನು ಸಾಕ್ಷಿ.

ಮಣ್ಣಗುಡ್ಡದ ಮನೆಯಲ್ಲಿ ಆ ಹೊತ್ತಿಗೆ ಹಿತ್ತಿಲು ಗುಡಿಸುವ ಹೆಂಗಸನ್ನು ಬಿಟ್ಟರೆ ಯಾರೂ ಇರಲಿಲ್ಲ. ಸಾಯ್ಬರು ಕಾರಿನ ಸುತ್ತ ಒಮ್ಮೆ ನಡೆದು ಬಂದು, ಹಿಡಿಗೆ ಕಟ್ಟಿದ ನೂಲನ್ನು ನೋಡಿ, ಇದು ಬೀಗಕ್ಕಿಂತ ಗಟ್ಟಿ ಉಂಟು ಎಂದು ನಕ್ಕರು. ಅದನ್ನು ಕಡಿಯಲು ಅವರು ಒಪ್ಪಲಿಲ್ಲ. ಅಪ್ಪನೇ ಉಗುರಿನಿಂದ ಗಂಟು ಸಡಿಲಿಸಿ ನೂಲು ಬಿಚ್ಚಬೇಕು, ಅದು ತಮ್ಮ ಕೈಗೆ ಬರಕೂಡದು ಎಂದರು. ನೂಲು ಬಿಚ್ಚಿದ ಮೇಲೆ, ಚಪ್ಪಟೆಯಾಗಿ ತಟ್ಟಿದ ಒಂದು ಕೊಡೆಯ ಕಡ್ಡಿಯನ್ನು ಮುಂದಿನ ಸಣ್ಣ ತ್ರಿಕೋನ ಗಾಜಿನ ರಬ್ಬರಿನ ಎಡೆಯಿಂದ ತೂರಿಸಿ ಅದರ ಕೊಂಡಿ ಎತ್ತಿದರು. ಆ ಕಿಂಡಿಯಿಂದ ತಂತಿಯ ಕೊಕ್ಕೆ ಇಳಿಸಿ ಬಾಗಿಲಿನ ಒಳಹಿಡಿಯನ್ನು ಎಳೆದರು. ರಬ್ಬರಿನ ಮೇಲೆ ಗೀರು ಕೂಡ ಬೀಳಲಿಲ್ಲ. ಬಾಗಿಲು ತೆರೆದುಕೊಂಡಾಗ ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಒಳಗೆ ಇಣುಕದೆ, ಗೋಡೆಯ ಕಡೆಗೆ ಮುಖ ಮಾಡಿ ನಿಂತರು. ಆ ನಿಲುವನ್ನು ನಾನು ಮರೆಯಲಾರೆ. ಪರರ ವಸ್ತುವಿನ ಬಗ್ಗೆ ಅಂಥ ಶಿಸ್ತನ್ನು ನಾನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ನೋಡಿಲ್ಲ.

ಆಮೇಲಿನ ಉಪಾಯ ನನ್ನದು. ಲಕೋಟೆ ಕಾಣದಿದ್ದರೆ ಧಣಿಗಳಿಗೆ ತಿಳಿಯುತ್ತದೆ. ಆದುದರಿಂದ ಒಳಗಿನ ಕಾಗದಗಳನ್ನು ತೆಗೆದು, ಅಷ್ಟೇ ದಪ್ಪಕ್ಕೆ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಮಡಚಿ ತುಂಬಿಸಿ, ದಾಸವಾಳವನ್ನು ಇದ್ದ ಹಾಗೆಯೇ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡದ್ದು ನೆನಪಿದೆ. ಅಪ್ಪ ಒಳಗಿನಿಂದ ಬೀಗ ಬೀಳಿಸಿ ಬಾಗಿಲು ಮುಚ್ಚಿ, ನೂಲನ್ನು ಮೊದಲಿನಂತೆಯೇ ಕಟ್ಟಿದರು. ಮೊದಲಿನಂತೆ ಎಂದು ನಾವು ತಿಳಿದುಕೊಂಡೆವು. ಕಾರಿನ ಮೇಲೆ ಸಾಮಾನು ಬಿಗಿಯುವ ಡ್ರೈವರನ ಗಂಟಿಗೂ ಪುರೋಹಿತರ ಗಂಟಿಗೂ ವ್ಯತ್ಯಾಸವಿದೆಯೆಂದು ಪದವಿ ಪಡೆದ ನನಗೂ ಹೊಳೆಯಲಿಲ್ಲ.

ಮರುದಿನ ಆರು ಗಂಟೆಗೆ ನಾನು ಬಸ್ಸು ಹತ್ತಿದೆ. ವಿದ್ಯಾರ್ಥಿವೇತನ ಸಿಕ್ಕಿತು.

ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ಸಾಯ್ಬರಿಗೆ ಸುದ್ದಿ ಹೇಳೋಣವೆಂದು ಮೊದಲು ಮಾರ್ಕೆಟ್ಟಿನ ಕಡೆಗೆ ಹೋದೆ. ಜಗಲಿಯಲ್ಲಿ ಬಳೆಯ ಹರವು ಇತ್ತು. ಪಕ್ಕದ ಚಪ್ಪಲಿ ಹೊಲಿಯುವವನನ್ನು ವಿಚಾರಿಸಿದೆ. ಅವನು ತಲೆಯೆತ್ತದೆ, ಯಾರದೋ ಕಾರಿಗೆ ಕೈ ಹಾಕಿದನಂತೆ, ಪೊಲೀಸರು ಕರೆದುಕೊಂಡು ಹೋದರು ಎಂದ. ಇಷ್ಟು ವರ್ಷ ಪಕ್ಕದಲ್ಲಿಯೇ ಕೂತಿದ್ದೆ, ನನಗೂ ಗೊತ್ತಾಗಲಿಲ್ಲ ನೋಡಿ ಎಂದು ಸೇರಿಸಿದ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಮ್ಮ ಹಬ್ಬಕ್ಕೆ ಸಿಹಿಹೂರಣದ ನೆವರಿ ಕರಿಯುತ್ತಿದ್ದಳು. ಕೇಳಿದ ಕೂಡಲೇ ಒಲೆಯ ಮುಂದಿನಿಂದ ಎದ್ದು ಹೊರಗೆ ಹೋದಳು. ಅವಳಿಗೆ ಎಲ್ಲ ತಿಳಿದಿತ್ತು.

ವಿಜಯದಶಮಿಯ ದಿನ ಹತ್ತು ಗಂಟೆಗೆ ಧಣಿಗಳು ಬಂದರಂತೆ. ಪುರೋಹಿತರು ನೂಲು ಬಿಚ್ಚಲು ಬಗ್ಗಿದವರು, ಇದು ನಾನು ಹಾಕಿದ ಗಂಟಲ್ಲ ಎಂದರಂತೆ. ಬಾಗಿಲು ತೆರೆದು ನೋಡಿದರೆ ಎಲ್ಲ ಇದ್ದಲ್ಲಿಯೇ ಇತ್ತು. ಧಣಿಗಳು ಲಕೋಟೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಪ್ಪನಿಗೆ ಕೊಟ್ಟರು. ಮಗ ದೊಡ್ಡ ಮನುಷ್ಯನಾಗಲಿ ಎಂದರು. ಅಪ್ಪ ಎರಡೂ ಕೈ ಚಾಚಿ ಹಳೆಯ ಪತ್ರಿಕೆಗಳನ್ನು ಸ್ವೀಕರಿಸಿದರು. ಅಷ್ಟರಲ್ಲಿ ಹಿತ್ತಿಲು ಗುಡಿಸುವ ಹೆಂಗಸು, ನಿನ್ನೆ ಕೊಡೆಯ ಸಾಯ್ಬ ಕಾರಿನ ಹತ್ತಿರ ನಿಂತಿದ್ದನ್ನು ಕಂಡೆ ಎಂದಳು. ಅಪ್ಪನೂ ಅಲ್ಲಿದ್ದರೆಂದು ಅವಳು ಹೇಳಲಿಲ್ಲ. ಅವಳಿಗೂ ಹೊಟ್ಟೆಪಾಡಿತ್ತು, ಅಪ್ಪನ ಮೇಲೆ ಕನಿಕರವೂ ಇದ್ದಿರಬೇಕು. ಧಣಿಗಳು ಅಪ್ಪನ ಕಡೆಗೆ ತಿರುಗಿ, ನೀನು ಕರೆದದ್ದಾ ಪೊರ್ಬು ಎಂದು ಕೇಳಿದರು.

ಲಕೋಟೆ ಕೈಯಲ್ಲಿತ್ತು. ಕರೆದದ್ದು ನಾನೇ ಎಂದರೆ ಅದನ್ನು ಬಿಚ್ಚಿ ತೋರಿಸಬೇಕಾಗುತ್ತಿತ್ತು. ಅಪ್ಪ ಇಲ್ಲ ಎಂದರು.

ಮಧ್ಯಾಹ್ನ ಸಾಯ್ಬರನ್ನು ಠಾಣೆಗೆ ಒಯ್ದರು. ಡ್ರೈವರೇ ತಮ್ಮನ್ನು ಕರೆದದ್ದೆಂದು ಅವರು ಹೇಳಿದರು. ಅಪ್ಪನನ್ನು ಕರೆಸಿ ಎದುರಿಗೆ ನಿಲ್ಲಿಸಿದರು. ಅಲ್ಲಿಯೂ ಅಪ್ಪ ಇಲ್ಲ ಎಂದರು. ಸಾಯ್ಬರು ಆಗ ಏನು ಹೇಳಿದರು ಎಂದು ನಾನು ಕೇಳಿದೆ. ನೆಲ ನೋಡುತ್ತಿದ್ದರು ಎಂದರು ಅಪ್ಪ. ಏನೂ ಕಳವಾಗಿರದ ಕಾರಣ ಮೂರು ದಿನ ಇಟ್ಟುಕೊಂಡು ಬಿಟ್ಟರಂತೆ. ಸಲಕರಣೆಯ ಚೀಲವನ್ನು ಮಾತ್ರ ಹಿಂದೆ ಕೊಡಲಿಲ್ಲ. ಅಂಗಡಿಯವನು ಜಗಲಿ ಬಿಡಿಸಿದ. ಕಾರಿನ ಬೀಗ ಮುರಿದವನ ಕೈಗೆ ತಮ್ಮ ಮನೆಯ ಬೀಗವನ್ನು ಕೊಡುವವರು ಯಾರು? ಕೊಡೆಯನ್ನೂ ಕೊಡಲಿಲ್ಲ.

ನಾನು ಆ ದಿನ ಅಪ್ಪನ ಮೇಲೆ ಬಹಳ ದೊಡ್ಡ ಮಾತುಗಳನ್ನು ಆಡಿದೆ. ಸತ್ಯ, ನ್ಯಾಯ, ಮನುಷ್ಯತ್ವ. ಮೈಸೂರಿನ ಉಪನ್ಯಾಸಗಳಲ್ಲಿ ಕೇಳಿದ ಪದಗಳೆಲ್ಲ ಬಿಸಿಯಾಗಿಯೇ ಇದ್ದವು. ಈಗಲೇ ಮಣ್ಣಗುಡ್ಡಕ್ಕೆ ಹೋಗಿ ಹೇಳಿಬರುತ್ತೇನೆ ಎಂದು ಅಂಗಿ ಹಾಕಿಕೊಂಡೆ. ಅಪ್ಪ ತಡೆಯಲಿಲ್ಲ. ಮುಂದಿನ ವರ್ಷವೂ ಆ ಕಾಗದಕ್ಕೆ ಸಹಿ ಬೇಕಲ್ಲವೇ ಎಂದು ಮಾತ್ರ ಕೇಳಿದರು.

ನಾನು ಅಂಗಿ ತೆಗೆದು ಗೂಟಕ್ಕೆ ಹಾಕಿದೆ.

ಮರುವರ್ಷ ಧಣಿಗಳ ಸಹಿಯನ್ನು ನಾನೇ ಹೋಗಿ ಪಡೆದೆ. ಕೈಮುಗಿದು ನಿಂತು ಪಡೆದೆ. ಅಪ್ಪನ 'ಇಲ್ಲ'ಕ್ಕೆ ಅಪ್ಪನ ಹೊಟ್ಟೆಯ ಭಯ ಕಾರಣ. ನನ್ನ ಮೌನಕ್ಕೆ ಅಂಥ ಭಯವೂ ಇರಲಿಲ್ಲ. ಒಂದು ಪದವಿಯ ಆಸೆ ಇತ್ತು, ಅಷ್ಟೆ. ಅಪ್ಪನದು ಒಂದು ಕ್ಷಣದ ಸುಳ್ಳು. ನಾನು ಎರಡು ವರ್ಷ ವ್ಯಾಸಂಗ ಮಾಡಿಕೊಂಡು ಸುಳ್ಳು ಹೇಳಿದವನು.

ಪದವಿ ಬಂತು, ಹೊರಗಿನ ಊರಿನಲ್ಲಿ ಉಪನ್ಯಾಸಕನ ಕೆಲಸವೂ ಬಂತು. ಯಾರ ಸಹಿಯೂ ಬೇಡವಾದ ಮೇಲೆ ನನಗೆ ಧೈರ್ಯ ಬಂತು. ಅಂಥ ಧೈರ್ಯದ ಯೋಗ್ಯತೆಯೆಷ್ಟೆಂದು ಓದುವವರು ತಾವೇ ತೂಗಿಕೊಳ್ಳಲಿ. ನಾನು ಧಣಿಗಳ ಜಗಲಿಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಪತ್ರಿಕೆ ತುಂಬಿಸಿದ ಲಕೋಟೆಯನ್ನೂ ಬಿಡಲಿಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ನಕ್ಕು, ನಿಮ್ಮ ತಂದೆಗೆ ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ ಎಂದರು. ಆ ಮನುಷ್ಯನಿಗೆ ಆದದ್ದಕ್ಕೆ ಹೊಣೆ ಯಾರು ಎಂದು ನಾನು ಕೇಳಿದೆ. ತಾವು ಠಾಣೆಗೆ ಹೇಳಿದ್ದು ಕಂಡದ್ದನ್ನು ಮಾತ್ರ, ಮುಂದಿನದು ಪೊಲೀಸರ ಕೆಲಸ ಎಂದರು. ಆಮೇಲೆ ಕಾಫಿ ತರಿಸಿದರು. ಅಪ್ಪನನ್ನು ಅವರು ಆ ಬಗ್ಗೆ ಕೇಳಲೂ ಇಲ್ಲ, ಕೆಲಸದಿಂದ ಬಿಡಿಸಲೂ ಇಲ್ಲ.

ಠಾಣೆಯಲ್ಲಿ ಬರೆಯುವವನು ರಿಜಿಸ್ಟರು ಮಗುಚಿ ನೋಡಿ, ಅಂಥ ಪ್ರಕರಣವೇ ಇಲ್ಲ ಎಂದ. ಮೂರು ದಿನ ಕೂಡಿಹಾಕಿದ್ದು ಪ್ರಕರಣವಲ್ಲವೇ? ಪ್ರಕರಣವಿಲ್ಲದಿದ್ದರೆ ಸಲಕರಣೆಯ ಚೀಲ ಎಲ್ಲಿ? ಪ್ರಕರಣವೇ ಇಲ್ಲದ ಮೇಲೆ ಚೀಲ ಎಲ್ಲಿಂದ ಬರುತ್ತದೆ ಎಂದು ಅವನು ನನ್ನನ್ನೇ ಕೇಳಿದ. ನಾನು ಬರೆದುಕೊಟ್ಟ ಮನವಿಯನ್ನು ತೆಗೆದುಕೊಂಡ. ಅದಕ್ಕೆ ಉತ್ತರ ಇಂದಿಗೂ ಬಂದಿಲ್ಲ. ಆಮೇಲೆ ಮೇಲಿನವರಿಗೆ ಬರೆದೆ, ಅವರ ಮೇಲಿನವರಿಗೂ ಬರೆದೆ. ಈ ಊರಿನಲ್ಲಿ ಒಬ್ಬ ಮನುಷ್ಯನ ಕಸುಬನ್ನು ಕಿತ್ತುಕೊಳ್ಳಲು ಒಂದು ಹಾಳೆ ಕಾಗದವೂ ಬೇಕಾಗಲಿಲ್ಲ. ಅದನ್ನು ಮರಳಿಸಿ ಎನ್ನಲು ನಾನು ಹೋದಲ್ಲೆಲ್ಲ ಕಾಗದ ಕೇಳಿದರು.

ಸಾಯ್ಬರು ಸಿಕ್ಕಿದ್ದು ಕಳೆದ ತಿಂಗಳು, ವಾಮಂಜೂರಿನಲ್ಲಿ. ಗದ್ದೆಯ ಅಂಚಿನಲ್ಲಿ ಮಗಳ ಮನೆ. ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದರು. ಕಡ್ಡಿಯ ಪೊರಕೆ, ನಮ್ಮ ಕಡೆಯ ಹಿಡಿಸೂಡಿ, ಕಟ್ಟಿ ಮಾರುತ್ತಾರೆ. ನನ್ನ ಗುರುತು ಸಿಗಲಿಲ್ಲ. ಹದಿನಾರನೆಯ ಕ್ಲಾಸು ಎಂದ ಮೇಲೆ ಸಿಕ್ಕಿತು. ಚಾಪೆ ತರಲು ಒಳಗೆ ಕೂಗಿ ಹೇಳಿದರು.

ನಾನು ನಿಂತುಕೊಂಡೇ ಬಂದ ವಿಷಯ ಹೇಳಿದೆ. ಪತ್ರಿಕೆಯಲ್ಲಿ ಎಲ್ಲವನ್ನೂ ಬರೆಯುತ್ತೇನೆ, ಹೆಸರು ಹಾಕಿಯೇ ಬರೆಯುತ್ತೇನೆ, ಮಾರ್ಕೆಟ್ಟಿನ ಜಗಲಿಗೆ ನಾನೇ ನಿಮ್ಮನ್ನು ಕರೆದುಕೊಂಡು ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವರು ಕಡ್ಡಿ ಹೆರೆಯುತ್ತಲೇ ಕೇಳಿದರು. ಆ ಹೆರೆಯುವ ಕೈಯಲ್ಲಿ ಹಳೆಯ ನೇರ್ಪು ಹಾಗೆಯೇ ಇತ್ತು.

"ಹೆಸರು ಬೇಡ," ಎಂದರು. "ಇಲ್ಲಿ ಯಾರಿಗೂ ಗೊತ್ತಿಲ್ಲ. ಮಗಳ ಮಾವನ ಮನೆಯವರಿಗೂ ಗೊತ್ತಿಲ್ಲ. ನೀವು ನಾನು ಕಳ್ಳ ಅಲ್ಲ ಅಂತ ಬರೀತೀರಿ. ಓದಿದವರು, ಯಾವ ಕಳ್ಳ ಅಂತ ಕೇಳ್ತಾರೆ."

ಹೆರೆದ ಕಡ್ಡಿಯನ್ನು ಪಕ್ಕಕ್ಕಿಟ್ಟು, ನಿಮ್ಮ ತಂದೆ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಕೆಲಸ ಅದೇ ಮನೆಯಲ್ಲಾ? ಅದೇ ಮನೆಯಲ್ಲಿ.

"ನಾನು ಬೀಗ ತೆಗೆದದ್ದು ಅವರ ಮಾತಿನ ಮೇಲೆ. ಅವರು ಬಂದು ಹೇಳ್ತಾರಾದ್ರೆ ಹೇಳ್ಲಿ. ನಿಮ್ಮ ಮಾತು ನನಗೆ ಎಂತ ಮಾಡ್ಲಿಕ್ಕೆ?"

ಅದು ಬೈಗುಳವಾಗಿರಲಿಲ್ಲ. ಬೀಗಕ್ಕೆ ಹೊಂದದ ಕೀಲಿಕೈಯನ್ನು ಗಿರಾಕಿಗೆ ಮರಳಿ ಕೊಡುವವರ ಹಾಗೆ ಹೇಳಿದರು. ಹೊರಡುವಾಗ ಒಂದು ಹಿಡಿಸೂಡಿ ಕೊಟ್ಟರು. ಹಣ ಕೊಡಹೋದೆ, ತೆಗೆದುಕೊಳ್ಳಲಿಲ್ಲ.

ಬಿಜೈಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರ ತಲೆ ಪೂರ್ತಿ ನರೆತಿದೆ. ಕಣ್ಣೂ ಮೊದಲಿನಂತಿಲ್ಲ, ಆದರೆ ಧಣಿಗಳಿಗೆ ಅದು ತಿಳಿಯಬಾರದೆಂದು ರಸ್ತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ವಾಮಂಜೂರಿಗೆ ಬಸ್ಸಿದೆ, ನಾನೂ ಬರುತ್ತೇನೆ, ಒಂದೇ ಒಂದು ಮಾತು ಎಂದೆ. ಅವರು ಹಿಡಿಸೂಡಿಯನ್ನು ಎತ್ತಿ, ಬುಡದ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗೋಡೆಗೆ ಒರಗಿಸಿಟ್ಟರು. ನಾನು ಬರೆಯುತ್ತೇನೆ ಎಂದೆ. ಹೆಸರಿಲ್ಲದಿದ್ದರೂ ಮಣ್ಣಗುಡ್ಡದ ಜನರಿಗೆಲ್ಲ ಇದು ಯಾರ ಕಥೆಯೆಂದು ತಿಳಿಯುತ್ತದೆ, ನಿಮ್ಮನ್ನು ಕೇಳುತ್ತಾರೆ, ಆಗಲಾದರೂ ಹೌದು ಎನ್ನಿ ಎಂದೆ.

"ಕೇಳಿದ್ರೆ ಇಲ್ಲ ಅಂತಲೇ ಹೇಳ್ತೇನೆ, ಪುತಾ," ಎಂದರು ಅಪ್ಪ. "ಈಗ ಹೌದು ಅಂದ್ರೆ ಆಗ ಹೇಳಿದ್ದು ಎಂತ ಆಗ್ತದೆ?"

ನಾಲ್ಕು ಗಂಟೆಗೆ ಧಣಿಗಳಿಗೆ ಎಲ್ಲಿಗೋ ಹೋಗಬೇಕಾಗಿತ್ತು. ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಕಾರು ಒರೆಸುವ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮಣ್ಣಗುಡ್ಡದ ಕಡೆಗೆ ನಡೆದರು.